ಸರದಿ ಕಾಯುವ ಯಂತ್ರಗಳು: ಅಲೋಹಾದಿಂದ ವೈ-ಫೈವರೆಗೆ



ಒಂದು ಕೋಣೆಯಲ್ಲಿ ನಲವತ್ತು ಜನ ಕುಳಿತಿದ್ದಾರೆ, ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಗೋಡೆಯ ಮೇಲೆ ಒಂದೇ ಒಂದು ವೈ-ಫೈ ಪೆಟ್ಟಿಗೆ ಇದೆ ಎಂದುಕೊಳ್ಳಿ. ಒಬ್ಬರು ಪರೀಕ್ಷೆಯ ಫಲಿತಾಂಶ ನೋಡುತ್ತಿದ್ದಾರೆ. ಇನ್ನೊಬ್ಬರು ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದಾರೆ. ಮತ್ತೊಬ್ಬರು ದೂರದ ಊರಿನಲ್ಲಿರುವ ಅಣ್ಣನೊಂದಿಗೆ ಮಾತನಾಡುತ್ತಿದ್ದಾರೆ. ಈ ನಲವತ್ತು ಮೊಬೈಲುಗಳ ಮಾತೂ ಹೋಗುವುದು ರೇಡಿಯೊ ತರಂಗಗಳ ಒಂದೇ ದಾರಿಯಲ್ಲಿ. ಇಬ್ಬರು ಒಟ್ಟಿಗೆ ಮಾತನಾಡಿದರೆ ಇಬ್ಬರ ಮಾತೂ ಕೆಡುತ್ತದೆ. ತರಗತಿಯಲ್ಲಾದರೆ ಮೇಷ್ಟ್ರು ಒಬ್ಬೊಬ್ಬರ ಹೆಸರು ಕರೆದು ಮಾತನಾಡಿಸುತ್ತಾರೆ. ಇಲ್ಲಿ ಹೆಸರು ಕರೆಯುವವರು ಯಾರು?

ಸಾಮಾನ್ಯವಾಗಿ ಯಾರೂ ಇಲ್ಲ. ಪ್ರತಿಯೊಂದು ಯಂತ್ರವೂ ತಾನೇ ಒಂದು ನಿಯಮವನ್ನು ಪಾಲಿಸಿ ತನ್ನ ಸರದಿ ಕಾಯುತ್ತದೆ. ಕನ್ನಡದಲ್ಲಿ ನಾವು ಸರದಿ ಎನ್ನುವುದನ್ನು ಉರ್ದುವಿನಲ್ಲಿ ಬಾರಿ ಎನ್ನುತ್ತೇವೆ. ಈ ಬಾರಿಯ ನಿಯಮಕ್ಕೆ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಅದು ಹುಟ್ಟಿದ್ದು ಸಮುದ್ರದ ನಡುವಿನ ಒಂದು ವಿಶ್ವವಿದ್ಯಾಲಯದಲ್ಲಿ, ದೂರದ ಕಾಲೇಜುಗಳಿಗೆ ಕಂಪ್ಯೂಟರನ್ನು ಮುಟ್ಟಿಸುವುದು ಹೇಗೆಂಬ ಚಿಂತೆಯಿಂದ. ಆ ಇತಿಹಾಸವನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ದ್ವೀಪಗಳ ಕಷ್ಟ

ಅಮೆರಿಕದ ಹವಾಯಿ ರಾಜ್ಯವು ಪೆಸಿಫಿಕ್ ಸಾಗರದ ನಡುವೆ ಚದುರಿದ ದ್ವೀಪಗಳ ಗುಂಪು. ಅಲ್ಲಿನ ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರ್ ಇದ್ದುದು ಒವಾಹು ದ್ವೀಪದಲ್ಲಿ, ಹೊನೊಲುಲು ಬಳಿ. ಆಗ ಕಂಪ್ಯೂಟರ್ ಎಂದರೆ ಕೋಣೆ ತುಂಬುವ ಯಂತ್ರ, ಬೆಲೆಯೂ ಬಹಳ. ಪ್ರತಿ ಕಾಲೇಜಿಗೂ ಒಂದೊಂದು ಕೊಳ್ಳುವ ಮಾತೇ ಇರಲಿಲ್ಲ. ದೂರದ ಕಾಲೇಜುಗಳು ಟೆಲಿಫೋನ್ ತಂತಿಯ ಮೂಲಕವೇ ಅದನ್ನು ಬಳಸಬೇಕಿತ್ತು. ತಂತಿಯ ಬಾಡಿಗೆ ಹೆಚ್ಚು, ಭರವಸೆ ಕಡಿಮೆ.

ನಾರ್ಮನ್ ಅಬ್ರಾಮ್ಸನ್ ಎಂಬ ಪ್ರಾಧ್ಯಾಪಕರು ಈ ವಿಶ್ವವಿದ್ಯಾಲಯಕ್ಕೆ ಬಂದಿದ್ದರು. ಸಮುದ್ರದ ಅಲೆಗಳ ಮೇಲೆ ಹಲಗೆಯ ಮೇಲೆ ನಿಂತು ಸಾಗುವ ಆಟ ಅವರಿಗೆ ಅಚ್ಚುಮೆಚ್ಚು. ಅವರನ್ನು ಹವಾಯಿಗೆ ಸೆಳೆದದ್ದರಲ್ಲಿ ಆ ಆಟದ ಪಾಲೂ ಇತ್ತು. 1968ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ತಂತಿಯ ಬದಲು ರೇಡಿಯೊ ಬಳಸುವ ಯೋಜನೆಯನ್ನು ಆರಂಭಿಸಿದರು. ಅದಕ್ಕೆ ಇಟ್ಟ ಹೆಸರು ಅಲೋಹಾ. ಹವಾಯಿಯ ಜನ ಒಬ್ಬರನ್ನೊಬ್ಬರು ಕಂಡಾಗ ಹೇಳುವ ನಲ್ನುಡಿ ಅದು. 1971ರ ಜೂನ್ ತಿಂಗಳಲ್ಲಿ ಅಲೋಹಾ ಜಾಲ ಕೆಲಸ ಆರಂಭಿಸಿತು.

ಅಬ್ರಾಮ್ಸನ್ ಅವರು ಗಮನಿಸಿದ ಒಂದು ಸಂಗತಿ ಬಹಳ ಸರಳವಾದುದು. ಕಂಪ್ಯೂಟರ್ ಮುಂದೆ ಕುಳಿತ ವಿದ್ಯಾರ್ಥಿ ಒಂದು ಸಾಲು ಬರೆಯುತ್ತಾನೆ, ಆಮೇಲೆ ಯೋಚಿಸುತ್ತಾನೆ. ಬರೆಯುವ ಹೊತ್ತು ಕಡಿಮೆ, ಯೋಚಿಸುವ ಹೊತ್ತು ಹೆಚ್ಚು. ಅವನಿಗೆಂದು ಒಂದು ತಂತಿಯನ್ನು ಇಡೀ ಗಂಟೆ ಮೀಸಲಿಟ್ಟರೆ ಅದರ ಬಹುಪಾಲು ವ್ಯರ್ಥ. ಮೇಷ್ಟ್ರು ಹಾಜರಿ ಕೂಗಿದಂತೆ ಒಂದೊಂದು ಯಂತ್ರವನ್ನೂ ಕೇಳುತ್ತಾ ಹೋದರೆ, ಹೇಳಲು ಏನೂ ಇಲ್ಲದವರ ಹೆಸರು ಕರೆಯುವುದರಲ್ಲೇ ಸಮಯ ಕಳೆಯುತ್ತದೆ.

ಆದ್ದರಿಂದ ಅವರು ಮಾಡಿದ ನಿಯಮ ಹೀಗಿತ್ತು. ಮಾತನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಬೇಕು. ಒಂದು ಪೊಟ್ಟಣದಲ್ಲಿ ಹೆಚ್ಚೆಂದರೆ 80 ಅಕ್ಷರ. ಇವಕ್ಕೆ ಪ್ಯಾಕೆಟ್ ಎಂದು ಹೆಸರು. ಹೇಳಲು ಇದ್ದವರು ಯಾರನ್ನೂ ಕೇಳದೆ ಪ್ಯಾಕೆಟನ್ನು ಕಳುಹಿಸಬಹುದು. ಪ್ಯಾಕೆಟ್ಟಿನ ಜೊತೆಗೆ ಲೆಕ್ಕ ತಾಳೆ ನೋಡಲು ಕೆಲವು ಅಂಕಿಗಳೂ ಇರುತ್ತವೆ. ಕೇಂದ್ರದ ಯಂತ್ರ ಲೆಕ್ಕ ಸರಿಯಿದೆಯೇ ಎಂದು ನೋಡಿ, ಸರಿಯಿದ್ದರೆ "ತಲುಪಿತು" ಎಂದು ಇನ್ನೊಂದು ತರಂಗಾಂತರದಲ್ಲಿ ಉತ್ತರಿಸುತ್ತದೆ. ರಿಜಿಸ್ಟರ್ ಮಾಡಿದ ಪತ್ರಕ್ಕೆ ಸಹಿ ಬಿದ್ದ ಚೀಟಿ ಮರಳಿ ಬರುತ್ತಿತ್ತಲ್ಲ, ಹಾಗೆ. ಆ ಉತ್ತರ ಬಾರದಿದ್ದರೆ ನಡುವೆ ಇನ್ನೊಬ್ಬರ ಪ್ಯಾಕೆಟ್ ಡಿಕ್ಕಿ ಹೊಡೆದಿದೆ ಎಂದು ತಿಳಿದು, ಸ್ವಲ್ಪ ಕಾದು ಮತ್ತೆ ಕಳುಹಿಸಬೇಕು.

ಎಷ್ಟು ಕಾಯಬೇಕು? ಇಲ್ಲಿಯೇ ಜಾಣ್ಮೆ ಇರುವುದು. ಇಬ್ಬರೂ ಎರಡೆರಡು ಸೆಕೆಂಡು ಕಾದರೆ ಮತ್ತೆ ಡಿಕ್ಕಿ ತಪ್ಪದು. ಆದ್ದರಿಂದ ಪ್ರತಿ ಯಂತ್ರವೂ ದಾಳ ಉರುಳಿಸಿದಂತೆ ತನಗೆ ತೋಚಿದಷ್ಟು ಹೊತ್ತು ಕಾಯುತ್ತದೆ. ಒಬ್ಬನಿಗೆ ಎರಡು ಬಿದ್ದರೆ ಇನ್ನೊಬ್ಬನಿಗೆ ಐದು ಬೀಳಬಹುದು. ಜಗಳ ಅಲ್ಲಿಗೆ ಮುಗಿಯಿತು.

ಈ ವ್ಯವಸ್ಥೆಗೆ ಒಂದು ಮಿತಿಯೂ ಇತ್ತು. ಎಲ್ಲರೂ ಮನಬಂದಾಗ ಮಾತನಾಡಿದರೆ ದಾರಿಯ ಸಾಮರ್ಥ್ಯದ ಸುಮಾರು 18 ಶೇಕಡಾಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ ಎಂದು ಅಬ್ರಾಮ್ಸನ್ ಅವರೇ ಗಣಿತದಿಂದ ತೋರಿಸಿದರು. 1972ರಲ್ಲಿ ಲಾರೆನ್ಸ್ ರಾಬರ್ಟ್ಸ್ ಅವರು ಸಮಯವನ್ನು ಸಮಾನ ತುಂಡುಗಳಾಗಿ ಭಾಗಿಸಿ, ತುಂಡಿನ ಆರಂಭದಲ್ಲಿ ಮಾತ್ರ ಕಳುಹಿಸಬೇಕೆಂಬ ಉಪಾಯ ಹೇಳಿದರು. ಅಷ್ಟರಿಂದಲೇ ಈ ಮಿತಿ ಸುಮಾರು 37 ಶೇಕಡಾಕ್ಕೆ ಏರಿತು.

ತಿರಸ್ಕೃತ ಪ್ರಬಂಧ

ಈಗ ಕಥೆ ಹವಾಯಿಯಿಂದ ಅಮೆರಿಕದ ಮುಖ್ಯ ಭೂಭಾಗಕ್ಕೆ ಬರುತ್ತದೆ. ಅಬ್ರಾಮ್ಸನ್ ಅವರು ತಮ್ಮ ಯೋಜನೆಯ ಬಗ್ಗೆ 1970ರಲ್ಲೇ ಒಂದು ಲೇಖನ ಪ್ರಕಟಿಸಿದ್ದರು. ಅದನ್ನು 1972ರಲ್ಲಿ ಓದಿದವರಲ್ಲಿ ರಾಬರ್ಟ್ ಮೆಟ್‌ಕಾಫ್ ಎಂಬ ಯುವಕರೂ ಒಬ್ಬರು. ಅದೇ ವರ್ಷ ಹಾರ್ವರ್ಡ್ ವಿಶ್ವವಿದ್ಯಾಲಯ ಅವರ ಪಿಎಚ್.ಡಿ. ಪ್ರಬಂಧವನ್ನು, ಅದರಲ್ಲಿ ಸಿದ್ಧಾಂತ ಸಾಲದೆಂದು, ತಿರಸ್ಕರಿಸಿತ್ತು. ಕ್ಯಾಲಿಫೋರ್ನಿಯಾದಲ್ಲಿ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಅವರಿಗೆ ಅಷ್ಟರಲ್ಲೇ ಕೆಲಸ ಗೊತ್ತಾಗಿತ್ತು.

ಅಲೋಹಾ ಲೇಖನ ಓದಿದಾಗ ಅದರ ಗಣಿತದಲ್ಲಿ ಒಂದು ಕೊರತೆ ಮೆಟ್‌ಕಾಫ್ ಅವರ ಕಣ್ಣಿಗೆ ಬಿತ್ತು. ಡಿಕ್ಕಿ ಹೆಚ್ಚಾದಾಗಲೂ ಜನ ಮೊದಲಿನಂತೆಯೇ ಬರೆಯುತ್ತಾ ಹೋಗುತ್ತಾರೆ ಎಂದು ಅದು ಭಾವಿಸಿತ್ತು. ನಿಜವಾಗಿ ಉತ್ತರ ಬಾರದಿದ್ದರೆ ಮನುಷ್ಯ ಕಾಯುತ್ತಾನೆ. ಹಾಗಾದರೆ ದಾರಿಯಲ್ಲಿ ದಟ್ಟಣೆ ಇದ್ದಾಗ ಯಂತ್ರವೂ ಹೆಚ್ಚು ಹೊತ್ತು ಕಾಯಬಾರದೇಕೆ? ಈ ವಿಚಾರವನ್ನು ಅವರು ತಮ್ಮ ಪ್ರಬಂಧಕ್ಕೆ ಸೇರಿಸಿದರು. 1973ರಲ್ಲಿ ಅವರಿಗೆ ಪದವಿ ದೊರೆಯಿತು.

ಅದೇ ವರ್ಷ ಮೇ 22ರಂದು ಅವರು ತಮ್ಮ ಕೇಂದ್ರದ ಕಂಪ್ಯೂಟರುಗಳನ್ನೂ ಮುದ್ರಣ ಯಂತ್ರವನ್ನೂ ಒಂದೇ ಕೇಬಲ್‌ಗೆ ಜೋಡಿಸುವ ಬಗ್ಗೆ ಟಿಪ್ಪಣಿ ಬರೆದರು. ಡೇವಿಡ್ ಬಾಗ್ಸ್ ಅವರೊಡನೆ ಕೂಡಿ ಅದನ್ನು ಕಟ್ಟಿಯೂ ತೋರಿಸಿದರು. ಅದೇ ಈಥರ್‌ನೆಟ್. ಅಲೋಹಾದ ವೇಗ ಸೆಕೆಂಡಿಗೆ 9,600 ಬಿಟ್. ಈ ಮೊದಲ ಈಥರ್‌ನೆಟ್ಟಿನ ವೇಗ ಸುಮಾರು 29.4 ಲಕ್ಷ ಬಿಟ್, ಅಂದರೆ ಮುನ್ನೂರು ಪಟ್ಟು.

ಈಥರ್‌ನೆಟ್ ಅಲೋಹಾದ ನಿಯಮಕ್ಕೆ ಮೂರು ಸಭ್ಯತೆಗಳನ್ನು ಸೇರಿಸಿತು. ಮೊದಲನೆಯದು, ಮಾತನಾಡುವ ಮುನ್ನ ಕೇಬಲ್‌ನಲ್ಲಿ ಬೇರೆ ಯಾರಾದರೂ ಮಾತನಾಡುತ್ತಿದ್ದಾರೆಯೇ ಎಂದು ಕೇಳಿಸಿಕೊಳ್ಳಬೇಕು. ಎರಡನೆಯದು, ಮಾತನಾಡುವಾಗಲೂ ಕೇಳಿಸಿಕೊಳ್ಳುತ್ತಿರಬೇಕು. ಡಿಕ್ಕಿಯಾದರೆ ತಕ್ಷಣ ನಿಲ್ಲಿಸಬೇಕು. ಮೂರನೆಯದು, ಮತ್ತೆ ಮತ್ತೆ ಡಿಕ್ಕಿಯಾದರೆ ಕಾಯುವ ಅವಧಿಯ ಮಿತಿಯನ್ನು ಪ್ರತಿ ಸಲವೂ ಇಮ್ಮಡಿಗೊಳಿಸಬೇಕು. ದಟ್ಟಣೆ ಹೆಚ್ಚಿದಷ್ಟೂ ತಾಳ್ಮೆಯೂ ಹೆಚ್ಚಬೇಕು ಎಂಬುದೇ ಇದರ ಸಾರ.

1980ರಲ್ಲಿ ಡಿಜಿಟಲ್, ಇಂಟೆಲ್ ಮತ್ತು ಝೆರಾಕ್ಸ್ ಕಂಪನಿಗಳು ಈಥರ್‌ನೆಟ್ಟಿನ ನಿಯಮಗಳನ್ನು ಪ್ರಕಟಿಸಿದವು. ಐಇಇಇ ಎಂಬ ಇಂಜಿನಿಯರುಗಳ ಸಂಸ್ಥೆ 1983ರಲ್ಲಿ ಅದನ್ನು 802.3 ಎಂಬ ಸಂಖ್ಯೆಯಡಿ ಮಾನದಂಡವಾಗಿ ಒಪ್ಪಿತು. ನಿಯಮ ಬಹಿರಂಗವಾದ್ದರಿಂದ ಬೇರೆ ಬೇರೆ ಕಂಪನಿಗಳು ತಯಾರಿಸಿದ ಯಂತ್ರಗಳು ಒಂದರೊಡನೊಂದು ಮಾತನಾಡಬಲ್ಲವಾದವು. ಐಬಿಎಂ ಬೆಂಬಲಿಸಿದ ಟೋಕನ್ ರಿಂಗ್ ಎಂಬ ಪ್ರತಿಸ್ಪರ್ಧಿಯೂ ಇತ್ತು. ಅದರಲ್ಲಿ ಟೋಕನ್ ಯಾರ ಬಳಿ ಬರುತ್ತದೋ ಅವರೇ ಮಾತನಾಡಬೇಕು. ಆದರೆ ಕಾಲಕ್ರಮದಲ್ಲಿ ಅಗ್ಗವೂ ಸರಳವೂ ಆದ ಈಥರ್‌ನೆಟ್ಟೇ ಎಲ್ಲೆಡೆ ಹರಡಿತು.

ಇಂದು ನಿಮ್ಮ ಕಂಪ್ಯೂಟರ್ ಕೋಣೆಯಲ್ಲಿ ಕಾಣುವ ಕೇಬಲ್ ಒಳಗೆ ಎರಡೆರಡಾಗಿ ಹೆಣೆದ ತಾಮ್ರದ ಎಳೆಗಳಿರುತ್ತವೆ. ಪ್ರತಿ ಕಂಪ್ಯೂಟರಿನಿಂದಲೂ ಒಂದೊಂದು ಕೇಬಲ್ ಹೊರಟು ಸ್ವಿಚ್ ಎಂಬ ಪೆಟ್ಟಿಗೆಗೆ ಸೇರುತ್ತದೆ. ಪ್ರತಿಯೊಬ್ಬರಿಗೂ ಸ್ವಂತ ದಾರಿ ಇರುವುದರಿಂದ ಅಲ್ಲಿ ಈಗ ಡಿಕ್ಕಿಯ ಪ್ರಶ್ನೆ ಇಲ್ಲ. ಡಿಕ್ಕಿಯ ಚಿಂತೆ ಉಳಿದಿರುವುದು ತಂತಿಯಿಲ್ಲದ ಜಾಲಗಳಲ್ಲಿ.

ಮತ್ತೆ ತಂತಿಯಿಲ್ಲದೆ

1985ರಲ್ಲಿ ಅಮೆರಿಕದ ಸರ್ಕಾರ ಕೆಲವು ರೇಡಿಯೊ ತರಂಗಾಂತರಗಳನ್ನು ಪರವಾನಗಿ ಇಲ್ಲದೆ ಬಳಸಲು ಬಿಟ್ಟಿತು. ಇದರಿಂದ ತಂತಿಯಿಲ್ಲದ ಜಾಲಗಳಿಗೆ ದಾರಿ ತೆರೆಯಿತು. 1990ರಲ್ಲಿ ಐಇಇಇ ಸಂಸ್ಥೆಯಲ್ಲಿ ಅದಕ್ಕೊಂದು ಸಮಿತಿ ಕೂಡಿತು. ವಿಕ್ ಹೇಯ್ಸ್ ಅವರು ಅದರ ಅಧ್ಯಕ್ಷರಾದರು. ಏಳು ವರ್ಷಗಳ ನಂತರ, 1997ರಲ್ಲಿ, 802.11 ಎಂಬ ಮಾನದಂಡ ಹೊರಬಂತು. ವೇಗ ಸೆಕೆಂಡಿಗೆ 20 ಲಕ್ಷ ಬಿಟ್. 1999ರಲ್ಲಿ ಅದು 110 ಲಕ್ಷಕ್ಕೇರಿತು. ವೈ-ಫೈ ಎಂಬ ಹೆಸರು ಬಂದದ್ದೂ ಆ ದಿನಗಳಲ್ಲೇ.

ಆದರೆ ಈಥರ್‌ನೆಟ್ಟಿನ ನಿಯಮವನ್ನು ಹಾಗೆಯೇ ಎತ್ತಿ ಇಲ್ಲಿ ಬಳಸಲಾಗಲಿಲ್ಲ. ಡೋಲು ಬಾರಿಸುತ್ತಿರುವವನಿಗೆ ದೂರದ ಪಿಸುಮಾತು ಕೇಳಿಸದು. ರೇಡಿಯೊ ಕಳುಹಿಸುತ್ತಿರುವ ಯಂತ್ರಕ್ಕೂ ಅದೇ ಕಷ್ಟ. ಇನ್ನೊಂದು ತೊಡಕೂ ಇದೆ. ಕೋಣೆಯ ಎರಡು ತುದಿಗಳಲ್ಲಿರುವ ಎರಡು ಮೊಬೈಲುಗಳಿಗೆ ಒಂದರ ಮಾತು ಇನ್ನೊಂದಕ್ಕೆ ಕೇಳಿಸದೆ ಇರಬಹುದು, ನಡುವಿನ ಪೆಟ್ಟಿಗೆಗೆ ಮಾತ್ರ ಇಬ್ಬರ ಮಾತೂ ಕೇಳಿಸುತ್ತದೆ. ಆದ್ದರಿಂದ ವೈ-ಫೈ ಯಂತ್ರ ಮೊದಲು ಆಲಿಸುತ್ತದೆ, ದಾರಿ ಖಾಲಿಯಾದ ಮೇಲೂ ದಾಳ ಉರುಳಿಸಿದಂತೆ ಕೆಲವು ಕ್ಷಣ ಕಾಯುತ್ತದೆ, ನಂತರ ಕಳುಹಿಸುತ್ತದೆ, "ತಲುಪಿತು" ಎಂಬ ಉತ್ತರಕ್ಕಾಗಿ ನೋಡುತ್ತದೆ. ಹವಾಯಿಯ ಆ ಸ್ವೀಕೃತಿ ಹೀಗೆ ಮರಳಿ ಬಂತು.

ಮತ್ತೊಂದು ಸಮಸ್ಯೆ ಪ್ರತಿಧ್ವನಿಯದು. ಗೋಡೆ, ಮೇಜು, ಕಪಾಟುಗಳಿಗೆ ತಗಲಿ ರೇಡಿಯೊ ಅಲೆಗಳು ತಡವಾಗಿ ಮರಳಿ ಬಂದು ಮುಂದಿನ ಮಾತನ್ನು ಕೆಡಿಸುತ್ತವೆ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯಲ್ಲಿ ಜಾನ್ ಒ'ಸುಲಿವನ್ ಮತ್ತು ಅವರ ತಂಡದವರು ಒಂದು ವೇಗದ ಹೊಳೆಯ ಬದಲು ಅನೇಕ ನಿಧಾನದ ಕಾಲುವೆಗಳಲ್ಲಿ ಮಾಹಿತಿಯನ್ನು ಹರಿಸುವ ವಿಧಾನ ರೂಪಿಸಿದರು. ನಿಧಾನವಾಗಿ ಆಡಿದ ಮಾತನ್ನು ಪ್ರತಿಧ್ವನಿ ಅಷ್ಟಾಗಿ ಕೆಡಿಸದು. 1996ರಲ್ಲಿ ಅವರಿಗೆ ಅಮೆರಿಕದ ಪೇಟೆಂಟ್ ದೊರೆಯಿತು. ಒ'ಸುಲಿವನ್ ಅವರು ಮೂಲತಃ ಆಕಾಶದ ರೇಡಿಯೊ ಅಲೆಗಳನ್ನು ಅಧ್ಯಯನ ಮಾಡುತ್ತಿದ್ದವರು ಎಂಬುದು ಗಮನಾರ್ಹ.

ನಮ್ಮ ನಾಡಿನಲ್ಲಿ

ನಮ್ಮ ದೇಶದಲ್ಲಿ 1986ರಲ್ಲಿ ಅರ್ನೆಟ್ ಎಂಬ ಶೈಕ್ಷಣಿಕ ಜಾಲದ ಯೋಜನೆ ಆರಂಭವಾಯಿತು. ಅದರಲ್ಲಿ ಸೇರಿದ್ದ ಕೆಲವೇ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಮೂಲಕ ಸಾರ್ವಜನಿಕರಿಗೆ ಅಂತರ್ಜಾಲ ದೊರೆಯಿತು. 2005ರಲ್ಲಿ ಭಾರತ ಸರ್ಕಾರ 2.4 ಗಿಗಾಹರ್ಟ್ಸ್ ತರಂಗಾಂತರವನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ಮನೆ, ಶಾಲೆ, ಅಂಗಡಿಗಳಲ್ಲಿ ವೈ-ಫೈ ಪೆಟ್ಟಿಗೆ ಇಡುವುದು ಇದರಿಂದ ಸುಲಭವಾಯಿತು.

ಅಲೋಹಾದ ನಿಯಮ ನಿಮ್ಮ ಮೊಬೈಲ್ ಕರೆಯಲ್ಲೂ ಇದೆ. ನೀವು ಕರೆ ಮಾಡಿದಾಗ ಮೊಬೈಲ್ ಮೊದಲು ಟವರಿಗೆ "ನನಗೊಂದು ದಾರಿ ಬೇಕು" ಎಂಬ ಕೋರಿಕೆ ಕಳುಹಿಸುತ್ತದೆ. ಈ ಕೋರಿಕೆಯ ಕಾಲುವೆ ಎಲ್ಲರಿಗೂ ಸೇರಿದ್ದು. ಉತ್ತರ ಬಾರದಿದ್ದರೆ ಮೊಬೈಲ್ ಸ್ವಲ್ಪ ಕಾದು ಮತ್ತೆ ಕೇಳುತ್ತದೆ. ಜಾತ್ರೆಯಲ್ಲೋ ಉರೂಸಿನಲ್ಲೋ ಸಾವಿರಾರು ಜನ ಸೇರಿದಾಗ ಸಿಗ್ನಲ್ ತುಂಬಾ ಇದ್ದರೂ ಕರೆ ಹೋಗದಿರುವುದಕ್ಕೆ ಇಂತಹ ಡಿಕ್ಕಿಗಳೂ ಒಂದು ಕಾರಣ.

ಇಷ್ಟಾದರೂ ತಂತಿಯ ಮಹತ್ವ ಕಡಿಮೆಯಾಗಿಲ್ಲ. ಟವರಿನಿಂದಾಚೆ ನಿಮ್ಮ ಮಾತು ಬಹುತೇಕ ಗಾಜಿನ ಎಳೆಯ ಕೇಬಲ್‌ನಲ್ಲಿ ಬೆಳಕಾಗಿ ಓಡುತ್ತದೆ. ಮುಂಬಯಿ, ಚೆನ್ನೈ ಮೊದಲಾದ ತೀರಗಳಿಂದ ಸಮುದ್ರದ ತಳದಲ್ಲಿ ಸಾಗಿ ಬೇರೆ ದೇಶ ಸೇರುತ್ತದೆ. ಗಲ್ಫ್ ದೇಶದಲ್ಲಿ ದುಡಿಯುವ ಮಗನ ಮುಖ ತಾಯಿಗೆ ಮೊಬೈಲ್‌ನಲ್ಲಿ ಕಾಣುವುದು ಹೀಗೆ.

ವಿದ್ಯಾರ್ಥಿಗಳಿಗೆ ಒಂದು ಮಾತು

2020ರಲ್ಲಿ ಶಾಲೆಗಳು ಮುಚ್ಚಿದಾಗ ನಮ್ಮ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ್ದನ್ನು ಯಾರೂ ಮರೆತಿಲ್ಲ. ಹವಾಯಿಯ ದೂರದ ಕಾಲೇಜುಗಳ ಕಷ್ಟವೂ ಇದೇ ಜಾತಿಯದು. ಸೌಲಭ್ಯ ತುಂಬಿದ ಕಡೆ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ; ತಂತಿ ಸರಿಯಿಲ್ಲದ ಕಡೆ ಎದ್ದಿತು, ಅಲ್ಲಿಯೇ ಉತ್ತರವೂ ಸಿಕ್ಕಿತು. ಆ ಉತ್ತರವನ್ನು ಬರೆದು ಪ್ರಕಟಿಸಿದ್ದರಿಂದ, ಪ್ರಬಂಧ ತಿರಸ್ಕೃತನಾಗಿ ಕುಳಿತಿದ್ದ ಒಬ್ಬ ವಿದ್ಯಾರ್ಥಿಯ ಕೈಗೆ ಅದು ಸಿಕ್ಕಿ ಮುಂದುವರಿಯಿತು. ಅದೇ ಮೆಟ್‌ಕಾಫ್ ಅವರಿಗೆ ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2022ರ ಸಾಲಿಗೆ ಸಂದಿತು. ಅಬ್ರಾಮ್ಸನ್ ಅವರು 2020ರಲ್ಲಿ ನಿಧನರಾದರು.

ನಮ್ಮ ಮಕ್ಕಳು ಮೊಬೈಲ್ ಬಳಸುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೆ ಬಳಸುವವನು ಬೆಲೆ ಕೊಡುತ್ತಾನೆ, ತಿಳಿದವನು ಬೆಲೆ ಪಡೆಯುತ್ತಾನೆ. ಅಂತರ್ಜಾಲದ ನಿಯಮಗಳನ್ನು ಬರೆದಿಡುವ ಪತ್ರಗಳ ಮಾಲೆಯೊಂದಿದೆ. "ಅಭಿಪ್ರಾಯ ಕೋರಿಕೆ" ಎಂಬರ್ಥದ ಹೆಸರು ಅದಕ್ಕೆ. ಮೊದಲ ಪತ್ರವನ್ನು 1969ರ ಏಪ್ರಿಲ್ 7ರಂದು ಬರೆದವರು ಸ್ಟೀವ್ ಕ್ರಾಕರ್, ಆಗಿನ್ನೂ ವಿದ್ಯಾರ್ಥಿ. ಆ ಪತ್ರಗಳನ್ನು ಇಂದಿಗೂ ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಪ್ರೌಢಶಾಲೆಯ ಗಣಿತ ಮತ್ತು ವಿಜ್ಞಾನ ಗಟ್ಟಿಯಿದ್ದವರಿಗೆ, ಸ್ವಲ್ಪ ಇಂಗ್ಲಿಷ್ ಬಲ್ಲವರಿಗೆ ಅವುಗಳಲ್ಲಿ ಕೆಲವು ಅರ್ಥವಾಗುತ್ತವೆ. ಮುಂದಿನ ಬಾರಿ ಕಂಪ್ಯೂಟರ್ ಕೋಣೆಗೆ ಹೋದಾಗ ಗೋಡೆಯ ಪೆಟ್ಟಿಗೆಯಿಂದ ಹೊರಟ ಕೇಬಲ್ ಎಲ್ಲಿಗೆ ಹೋಗುತ್ತದೆ ಎಂದು ನಿಮ್ಮ ಶಿಕ್ಷಕರನ್ನು ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಹುಡುಕಿ.