ವೈಮಾನಿಕನ ಆಸನ ಮತ್ತು ಪರೀಕ್ಷೆಯ ಪ್ರಾಮಾಣ್ಯ: ಐಚ್ಛಿಕ-ಚಾಲಿತ ಸೇನಾ ಹೆಲಿಕಾಪ್ಟರುಗಳನ್ನು ಕುರಿತು

ವೈಮಾನಿಕನು ಕುಳಿತಿದ್ದರೂ ಇಲ್ಲದಿದ್ದರೂ ಹಾರಬಲ್ಲ ಐಚ್ಛಿಕ-ಚಾಲಿತ ಹೆಲಿಕಾಪ್ಟರಿನಲ್ಲಿ ಆಸನವನ್ನು ಉಳಿಸಿಕೊಂಡಿರುವುದಕ್ಕೆ ಎರಡು ಪ್ರಯೋಜನಗಳನ್ನು ಹೇಳುವುದು ವಾಡಿಕೆ: ಶಾಂತಿಕಾಲದಲ್ಲಿ ನಾಗರಿಕ ವಿಮಾನಗಳು ಸಂಚರಿಸುವ ಆಕಾಶದಲ್ಲಿ ಅದನ್ನು ನಿರಾತಂಕವಾಗಿ ಒಯ್ಯಬಹುದು; ಪರೀಕ್ಷಾಕಾಲದಲ್ಲಿ ಗಣಕವು ತಪ್ಪಿದರೆ ಮನುಷ್ಯನು ನಿಯಂತ್ರಣವನ್ನು ವಹಿಸಿಕೊಂಡು ಯಂತ್ರವನ್ನು ಉಳಿಸಬಹುದು. ಈ ಎರಡನೆಯ ಪ್ರಯೋಜನವೇ ಪ್ರಸ್ತುತ ಲೇಖನದ ವಿಚಾರಣೀಯ ವಿಷಯ. ರಕ್ಷಕನಾಗಿ ಕುಳಿತ ವೈಮಾನಿಕನು ಯಂತ್ರದ ದೋಷವನ್ನು ಪ್ರಕಟಪಡಿಸುವಂತೆಯೇ ಅದನ್ನು ಮರೆಮಾಚಲೂ ಬಲ್ಲನೆಂಬುದನ್ನೂ, ಆದುದರಿಂದ ಆತನು ಮಾಡಿದ್ದಕ್ಕಿಂತ ಮಾಡದೆ ಬಿಟ್ಟದ್ದೇ ಪರೀಕ್ಷೆಯಲ್ಲಿ ಮುಖ್ಯ ಪ್ರಮಾಣವೆಂಬುದನ್ನೂ ಇಲ್ಲಿ ಪ್ರತಿಪಾದಿಸಲಾಗಿದೆ.

ಆಸನವಿಲ್ಲದ ಮಾರ್ಗವು ಎಷ್ಟು ದುಬಾರಿಯೆಂಬುದನ್ನು ಅಮೆರಿಕದ ನೌಕಾಪಡೆಯು 1960ರ ದಶಕದಲ್ಲಿಯೇ ಅರಿತುಕೊಂಡಿತು. ಜಲಾಂತರ್ಗಾಮಿಗಳ ಮೇಲೆ ಟಾರ್ಪೀಡೊ ಬೀಳಿಸಲೆಂದು ಗೈರೋಡೈನ್ ಸಂಸ್ಥೆಯು ನಿರ್ಮಿಸಿದ ಕ್ಯೂಎಚ್-50 ಹೆಲಿಕಾಪ್ಟರುಗಳಲ್ಲಿ ಬಹುಸಂಖ್ಯೆಯವು ನಿಯಂತ್ರಣ ತಪ್ಪಿ ನಷ್ಟವಾದುವು. ಒಂದು ವಿದ್ಯುದುಪಕರಣ ಕೆಟ್ಟರೆ ಅದರ ಕಾರ್ಯವನ್ನು ವಹಿಸಿಕೊಳ್ಳಲು ಬದಲಿ ಉಪಕರಣವೂ ಇರಲಿಲ್ಲ, ಮನುಷ್ಯನೂ ಇರಲಿಲ್ಲ. ಇದಕ್ಕೆ ಪ್ರತಿಯಾಗಿ ಬೋಯಿಂಗ್ ಸಂಸ್ಥೆಯ ‘ಅನ್‌ಮ್ಯಾನ್ಡ್ ಲಿಟಲ್ ಬರ್ಡ್’ 2004ರ ಸೆಪ್ಟೆಂಬರಿನಲ್ಲಿ ರಕ್ಷಕ ವೈಮಾನಿಕನೊಡನೆ ಹಾರಲಾರಂಭಿಸಿ, 2006ರ ಜೂನ್ ಅಂತ್ಯದಲ್ಲಿ ಮಾತ್ರ ಅರಿಝೋನಾದ ಯೂಮಾ ಪರೀಕ್ಷಾಕ್ಷೇತ್ರದಲ್ಲಿ ಬರಿದಾದ ಆಸನದೊಡನೆ ಮೇಲೇರಿತು. ನಡುವಣ ಅವಧಿಯಲ್ಲಿ ದೋಷಗಳನ್ನು ಯಂತ್ರನಾಶವಿಲ್ಲದೆ ತಿದ್ದಿಕೊಳ್ಳುವ ಅವಕಾಶ ಲಭಿಸಿತು.

ಆದರೆ ಈ ಕ್ರಮದ ಮಿತಿಯನ್ನು ತಿಳಿಯಲು ಕೆ-ಮ್ಯಾಕ್ಸ್ ಯಂತ್ರದ ವೃತ್ತಾಂತವನ್ನು ಪರಿಶೀಲಿಸಬೇಕು. ಒಂದರೊಳಗೊಂದು ಹೆಣೆದುಕೊಂಡು ತಿರುಗುವ ಎರಡು ರೋಟರುಗಳುಳ್ಳ, ಬಾಲದ ರೋಟರಿನ ಅಗತ್ಯವೇ ಇಲ್ಲದ, ಮರದ ದಿಮ್ಮಿಗಳನ್ನೆತ್ತುವಂಥ ಭಾರವಾಹನಕ್ಕೆಂದೇ ಕಾಮನ್ ಸಂಸ್ಥೆಯು ರಚಿಸಿದ್ದ ಈ ಏಕಾಸನದ ಹೆಲಿಕಾಪ್ಟರನ್ನು ಲಾಕ್‌ಹೀಡ್ ಮಾರ್ಟಿನ್ ಸಹಯೋಗದಿಂದ ಸ್ವಯಂಚಾಲಿತವಾಗಿ ಮಾರ್ಪಡಿಸಲಾಯಿತು. ಹೂತಿಟ್ಟ ಸ್ಫೋಟಕಗಳಿಂದ ಅಫ್ಘಾನಿಸ್ತಾನದ ರಸ್ತೆಗಳು ಮೃತ್ಯುಮುಖವಾಗಿದ್ದ ಕಾಲದಲ್ಲಿ ಅಮೆರಿಕದ ಮೆರೀನ್ ದಳವು ಇಂಥ ಎರಡು ಯಂತ್ರಗಳನ್ನು ಹೆಲ್ಮಂದ್ ಪ್ರಾಂತಕ್ಕೆ ಒಯ್ದು, 2011ರ ಡಿಸೆಂಬರ್ 17ರಂದು ಸುಮಾರು 1,600 ಕಿಲೋಗ್ರಾಂ ಸಾಮಗ್ರಿಯನ್ನು ವೈಮಾನಿಕನಿಲ್ಲದೆ ಸಾಗಿಸಿತು. ಆರು ತಿಂಗಳಿಗೆಂದು ಆರಂಭವಾದ ಪ್ರಯೋಗವು 2014ರವರೆಗೆ ಮುಂದುವರಿದು, ಸುಮಾರು 2,000 ಟನ್ ಭಾರವನ್ನು ಹೊತ್ತಿತು. ಹೀಗಿದ್ದೂ 2013ರ ಜೂನ್‌ನಲ್ಲಿ ಒಂದು ಯಂತ್ರವು ಇಳಿಯುವ ಸಮಯದಲ್ಲಿ, ಬೆನ್ನ ಹಿಂದಿನ ಗಾಳಿಗೆ ಸಿಕ್ಕಿ, ತೂಗುಹಾಕಿದ ಭಾರವು ಓಲಾಡಿದುದರಿಂದ ನೆಲಕ್ಕಪ್ಪಳಿಸಿತು, ಯಾರಿಗೂ ಗಾಯವಾಗಲಿಲ್ಲ.

ಈ ಅಪಘಾತದಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶವೊಂದಿದೆ. ಬಾವಿಯಿಂದ ನೀರು ಸೇದುವವಳಿಗೆ ಕೊಡದ ಓಲಾಟವು ಕಣ್ಣಿಗೆ ಕಾಣುವುದಕ್ಕೆ ಮೊದಲು ಹಗ್ಗ ಹಿಡಿದ ಕೈಗೆ ತಿಳಿಯುವಂತೆ, ತೂಗುಭಾರವನ್ನು ಹೊತ್ತು ಹಾರುವ ವೈಮಾನಿಕನಿಗೆ ಅದರ ಚಲನೆಯು ದೇಹಕ್ಕೇ ತಿಳಿಯುತ್ತದೆ. ಆತನ ಕೈಯು ವಿವೇಚನೆಗೆ ಕಾಯದೆ ಅದನ್ನು ಸರಿಪಡಿಸುತ್ತದೆ. ನೆಲದ ಮೇಲೆ ಪರದೆಯ ಮುಂದೆ ಕುಳಿತ ನಿಯಂತ್ರಕನಿಗೆ ಈ ಸ್ಪರ್ಶಜ್ಞಾನವು ಲಭ್ಯವಿಲ್ಲ. ರಕ್ಷಕ ವೈಮಾನಿಕನು ಆಸನದಲ್ಲಿ ತನಗರಿವಿಲ್ಲದೆಯೇ ಮಾಡುವ ಇಂಥ ಸೂಕ್ಷ್ಮ ತಿದ್ದುಪಡಿಯು ವರದಿಯಲ್ಲಿ ದಾಖಲಾಗದೆ ಹೋದರೆ, ಆ ಹಾರಾಟದ ಯಶಸ್ಸು ಯಂತ್ರದ ಲೆಕ್ಕಕ್ಕೆ ಸೇರಿಬಿಡುವುದು.

ಸಿಕೋರ್ಸ್ಕಿ ಸಂಸ್ಥೆಯು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಾರ್ಪಾದ ಆಶ್ರಯದಲ್ಲಿ ನಡೆಸಿದ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರಿನ ಪರೀಕ್ಷೆಗಳನ್ನು ಈ ದೃಷ್ಟಿಯಿಂದ ಓದಬಹುದು. 2022ರ ಫೆಬ್ರವರಿ 5ರಂದು ಕೆಂಟಕಿಯ ಫೋರ್ಟ್ ಕ್ಯಾಂಪ್‌ಬೆಲ್‌ನಲ್ಲಿ ಆ ಹೆಲಿಕಾಪ್ಟರು ವೈಮಾನಿಕನಿಲ್ಲದೆ ಅರ್ಧ ಗಂಟೆ ಹಾರಿತು. ಅದೇ ವರ್ಷದ ಅಕ್ಟೋಬರ್ ತಿಂಗಳ ಯೂಮಾ ಪ್ರಯೋಗದಲ್ಲಿ ಸುಮಾರು 1,180 ಕಿಲೋಗ್ರಾಂ ತೂಗುಭಾರದೊಡನೆ ಸಾಗುತ್ತಿದ್ದ ಯಂತ್ರಕ್ಕೆ ಮಾರ್ಗಮಧ್ಯದಲ್ಲಿ ಆಜ್ಞೆಯನ್ನು ಬದಲಿಸಿ, ಭಾರವನ್ನು ಕಳಚಿ, ಗಾಯಾಳುವನ್ನು ಸಾಗಿಸಲು ಇಳಿಯಬೇಕೆಂದು ಸೂಚಿಸಲಾಯಿತು. ಏರಿ, ಹಾರಿ, ಇಳಿಯುವ ಸರಳ ಪ್ರದರ್ಶನಕ್ಕಿಂತ ಇಂಥ ಅನಿರೀಕ್ಷಿತ ಪರಿವರ್ತನೆಯೇ ಶ್ರೇಷ್ಠ ಪರೀಕ್ಷೆಯೆಂಬುದು ಸ್ಪಷ್ಟ.

ರಕ್ಷಕನಿರುವಾಗಲೂ ಅಪಾಯವನ್ನು ಯಂತ್ರಕ್ಕೇ ಬಿಟ್ಟುಕೊಡುವುದು ಸಾಹಸವಲ್ಲವೆ ಎಂದು ಆಕ್ಷೇಪಿಸಬಹುದು. ಸಾಹಸವೇ ಸರಿ, ಆದರೆ ಆ ಸಾಹಸವನ್ನು ಪರೀಕ್ಷಾಕ್ಷೇತ್ರದಲ್ಲಿ ಕೈಗೊಳ್ಳದಿದ್ದರೆ ರಣಭೂಮಿಯಲ್ಲಿ ಕೈಗೊಳ್ಳಬೇಕಾಗುತ್ತದೆ. ಈ ವಿವೇಚನೆಯು ನಮ್ಮಲ್ಲಿಯೂ ಅಪ್ರಸ್ತುತವಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ಇಸ್ರೇಲ್ ಏರೋಸ್ಪೇಸ್ ಇಂಡಸ್ಟ್ರೀಸ್ ಜೊತೆಗೂಡಿ ಚೇತಕ್ ಹೆಲಿಕಾಪ್ಟರನ್ನು ನೌಕಾಪಡೆಗಾಗಿ ಚಾಲಕರಹಿತವಾಗಿ ಮಾರ್ಪಡಿಸುವ ಯೋಜನೆಯನ್ನು ಹಿಂದೆ ಕೈಗೊಂಡುದುಂಟು. ಅಲ್ಲಿಯೇ ತಯಾರಾದ ಚೀತಾಗಳು ಸಿಯಾಚಿನ್ ಹಿಮನೆಲೆಗಳಿಗೆ ಇಂದಿಗೂ ಮನುಷ್ಯನ ಕೈಯಿಂದಲೇ ಸಾಮಗ್ರಿ ಒಯ್ಯುತ್ತಿವೆ. ತೆಳುಗಾಳಿಯಲ್ಲಿ ಶಕ್ತಿ ಕುಗ್ಗಿ ತಪ್ಪಿಗೆ ಎಡೆಯೇ ಇಲ್ಲದ ಅಂಥ ಸ್ಥಳಗಳಿಗೆ ಬರಿದಾದ ಆಸನವನ್ನು ಕಳುಹಿಸುವ ಮುನ್ನ, ರಕ್ಷಕನ ಕೈ ನಿಯಂತ್ರಣದಂಡವನ್ನು ಎಷ್ಟು ಸಲ, ಎಷ್ಟು ಬಲದಿಂದ, ಯಾವ ಗಾಳಿಯಲ್ಲಿ ಮುಟ್ಟಿತೆಂಬುದನ್ನು ಉಪಕರಣಗಳೇ ದಾಖಲಿಸಬೇಕು. ಹಾಗೆ ಮುಟ್ಟಿದ ಪ್ರತಿಯೊಂದು ಹಾರಾಟವನ್ನೂ ಚಾಲಿತ ಹಾರಾಟವೆಂದೇ ಗಣಿಸಬೇಕು.