ಯಾವ ಕಾಲದ ದನಿ ಬೇಕು?

ನಮ್ಮ ಮನಗೂಳಿ ಪಕ್ಕದ ವಿಜಯಪುರ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾ ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ. ವಾದ್ಯವೂ ಮನುಷ್ಯರಂತೆ, ಹುಟ್ಟಿದ ಕಾಲ ಗೊತ್ತಿದ್ರೆ ಸ್ವಭಾವ ತಿಳಿಯುತ್ತೆ. ಜಾಝ್‌ಗೆ ಸೆಕೆಂಡ್‌ಹ್ಯಾಂಡ್ ಆರ್ಚ್‌ಟಾಪ್ ಗಿಟಾರ್ ಹುಡುಕುವವರಿಗೂ ನಾನು ಹೇಳೋದು ಇದನ್ನೇ.

1922ರ ಗಿಬ್ಸನ್ ಎಲ್-5ಗೆ ಕರೆಂಟಿರಲಿಲ್ಲ. ಪಿಟೀಲಿನಂತೆ ಕೆತ್ತಿದ ಉಬ್ಬು ಹಲಗೆ. 1936ರ ಇಎಸ್-150ರಲ್ಲಿ ಪಿಕಪ್ ಬಂತು. ಚಾರ್ಲಿ ಕ್ರಿಶ್ಚಿಯನ್ ಅದರಲ್ಲಿ ಸೋಲೋ ನುಡಿಸಿದ. 1949ರ ಇಎಸ್-175 ಬರೀ ಪ್ಲೈವುಡ್. ಆಂಪ್ ಜೋರು ಮಾಡಿದ್ರೂ ಕಿರುಚೋದು ಕಡಿಮೆ. ಜೋ ಪಾಸ್, ಜಿಮ್ ಹಾಲ್ ನುಡಿಸಿದ್ದು ಅದನ್ನೇ.

ಆ ಮೆತ್ತನೆ ದನಿ ಸಾಕು ಅಂದ್ರೆ ಕೆತ್ತಿದ ಹಲಗೆಗೆ ಲಕ್ಷಗಟ್ಟಲೆ ಸುರಿಯಬೇಡಿ. ಕತ್ತು ನೇರವಿದೆಯಾ, ಹಲಗೆ ಕುಸಿದಿಲ್ಲವಾ ನೋಡಿ. ತಂತಿ, ಪಿಕಪ್ ಆಮೇಲೂ ಬದಲಿಸಬಹುದು.