ಎಪಲ್ಟನ್ ಹಾಲ್ ಎಂಬ ಎಳೆಹಡಗು

ದೊಡ್ಡ ಹಡಗುಗಳ ಚರಿತ್ರೆಯನ್ನು ಬರೆದವರು ಬಹುಮಂದಿ. ಅವಕ್ಕೆ ಹಗ್ಗ ಬಿಗಿದು ಬಂದರದೊಳಕ್ಕೆ ಎಳೆತಂದು, ಮರಳಿ ಕಡಲಿಗೆ ಬಿಟ್ಟುಬರುತ್ತಿದ್ದ ಟಗ್ಗುಗಳ ಸುದ್ದಿಯನ್ನು ಎತ್ತುವವರು ವಿರಳ. ಅಂತಹ ಒಂದರ ವೃತ್ತಾಂತವನ್ನು ವಾಚಕರ ಮುಂದಿಡುತ್ತೇನೆ.

ಇಂಗ್ಲೆಂಡಿನ ಈಶಾನ್ಯ ತೀರದಲ್ಲಿ, ಟೈನ್ ನದಿಯು ಕಡಲನ್ನು ಸೇರುವೆಡೆ ಇರುವ ಸೌತ್ ಶೀಲ್ಡ್ಸ್ ಪಟ್ಟಣದಲ್ಲಿ ಹೆಪಲ್ ಕಂಪೆನಿಯವರು 1914ರಲ್ಲಿ ಈ ನೌಕೆಯನ್ನು ಕಟ್ಟಿದರು. ಕಟ್ಟಿಸಿದವರು ಲ್ಯಾಂಬ್ಟನ್ ಮತ್ತು ಹೆಟ್ಟನ್ ಕಲ್ಲಿದ್ದಲು ಗಣಿಗಳ ಒಡೆಯರು. ಕಲ್ಲಿದ್ದಲು ಹೇರುವ ಹಡಗುಗಳನ್ನು ವೇರ್ ನದಿಯೊಳಕ್ಕೆ ತರುವುದೂ ಹೊರಕ್ಕೆ ಸಾಗಿಸುವುದೂ ಇದರ ಕಾರ್ಯವಾಗಿದ್ದಿತು. ನೌಕೆಯ ಎರಡು ಮಗ್ಗುಲಲ್ಲಿಯೂ ಒಂದೊಂದು ಹುಟ್ಟುಚಕ್ರ; ಒಂದೊಂದು ಚಕ್ರಕ್ಕೂ ಬೇರೆಬೇರೆ ಉಗಿಯಂತ್ರ. ಒಂದನ್ನು ಮುಂದಕ್ಕೂ ಮತ್ತೊಂದನ್ನು ಹಿಂದಕ್ಕೂ ತಿರುಗಿಸಿದರೆ ನೌಕೆಯು ನಿಂತಲ್ಲಿಯೇ ಬುಗುರಿಯಂತೆ ಸುತ್ತುವುದು. ಇಕ್ಕಟ್ಟಾದ ನದಿಯಲ್ಲಿ ದುಡಿಯುವುದಕ್ಕೆ ಇದಕ್ಕಿಂತ ಬೇಕಾದ ಗುಣವಾವುದು? ಪಕ್ಕದ ಸನ್ನೆಗೋಲುಗಳ ಮೂಲಕ ಚಲಿಸುವ ಆ ಯಂತ್ರದ ಮಾದರಿಯು 1914ರಲ್ಲಿಯೇ ಹಳತಾಗಿದ್ದಿತು. ಹಳತಾದರೇನು, ಅರ್ಧ ಶತಮಾನದವರೆಗೆ ಅನ್ನ ಗಳಿಸಿತು.

1967ರಲ್ಲಿ ನೌಕೆಯನ್ನು ಗುಜರಿಗೆ ಮಾರಿದರು. ಒಡೆಯುವ ಕೆಲಸದಲ್ಲಿ ಹಿಂಭಾಗದ ಮರದ ಅಟ್ಟವೂ ಒಳಗಿನ ಮರಗೆಲಸವೂ ಬೆಂಕಿಗೆ ಆಹುತಿಯಾದುವು. ಕೆಸರಿನ ದಂಡೆಯ ಮೇಲೆ ಬಿದ್ದಿದ್ದ ಈ ಕಬ್ಬಿಣದ ಅಸ್ಥಿಪಂಜರವನ್ನು 1969ರಲ್ಲಿ ಕೊಂಡವನು ಸ್ಕಾಟ್ ನ್ಯೂಹಾಲ್. ಸ್ಯಾನ್‌ಫ್ರಾನ್ಸಿಸ್ಕೋ ಕ್ರಾನಿಕಲ್ ಪತ್ರಿಕೆಯ ಸಂಪಾದಕ. ಸಂಪಾದಕರಿಗೂ ಇಂತಹ ಹುಚ್ಚು ಹಿಡಿಯುವುದುಂಟೆಂದು ತಿಳಿದು ನನಗೆ ಸಂತೋಷವೇ ಆಯಿತು! ಅವನು ನೌಕೆಯನ್ನು ದುರಸ್ತು ಮಾಡಿಸಿ, ಕಲ್ಲಿದ್ದಲಿನ ಬದಲು ಡೀಸೆಲ್ ಎಣ್ಣೆಯನ್ನು ಉರಿಸುವಂತೆ ಕುಲುಮೆಯನ್ನು ಮಾರ್ಪಡಿಸಿದನು. ಇನ್ನೊಂದು ಹಡಗಿನ ಮೇಲೆ ಹೊರೆಯಾಗಿ ಕಳುಹದೆ, ನದಿಗಾಗಿ ಹುಟ್ಟಿದ ಈ ನೌಕೆಯನ್ನು ಅದರ ಸ್ವಂತ ಉಗಿಯಿಂದಲೇ ಅಟ್ಲಾಂಟಿಕ್ ಸಾಗರವನ್ನು ದಾಟಿಸಿ, ಪನಾಮಾ ಕಾಲುವೆಯ ಮಾರ್ಗವಾಗಿ ನಡೆಸಿದನು. 1970ರ ಮಾರ್ಚಿಯಲ್ಲಿ ಅದು ಗೋಲ್ಡನ್ ಗೇಟ್ ಜಲಸಂಧಿಯನ್ನು ಹೊಕ್ಕಿತು.

ಅಟ್ಟ ಹೊಸದು, ಉರುವಲು ಹೊಸದು, ಊರೂ ಬೇರೆ. ಉಳಿದದ್ದೇನೆಂದು ಕೆಲವರು ಕೇಳಬಹುದು. ನಮ್ಮ ದೇವಸ್ಥಾನದ ತೇರಿಗೆ ಕೆಟ್ಟ ಗಾಲಿಯನ್ನು ತೆಗೆದು ಹೊಸ ಗಾಲಿಯನ್ನು ಹಾಕಿದರೆ ತೇರು ಬೇರೆಯಾಯಿತೆಂದು ಯಾರೂ ಹೇಳುವುದಿಲ್ಲ. ಇಲ್ಲಿಯಾದರೋ ಸಾಗರದುದ್ದಕ್ಕೂ ಚಕ್ರಗಳನ್ನು ತಿರುಗಿಸಿದ್ದು ಆ ಹಳೆಯ ಯಂತ್ರಗಳೇ. ಟೈನ್ ತೀರದವರಿಗೆ ತಮ್ಮದೊಂದು ಪರದೇಶದ ಪಾಲಾಯಿತೆಂಬ ವ್ಯಥೆಯಿದ್ದರೆ ಅದನ್ನು ತಪ್ಪೆನ್ನಲಾರೆ. ಆದರೆ ಅಲ್ಲಿಯೇ ಉಳಿದಿದ್ದರೆ ಅದು ಕರಗಿ ಎರಕವಾಗುತ್ತಿದ್ದಿತು. ಬ್ರಿಟನ್ನಿನಲ್ಲಿ ಕಟ್ಟಿದ ಚಕ್ರದ ಟಗ್ಗುಗಳಲ್ಲಿ ಇದಲ್ಲದೆ ಉಳಿದುಬಂದದ್ದು 1931ರ ‘ಜಾನ್ ಎಚ್. ಏಮಸ್’ ಒಂದೇ. 1979ರಲ್ಲಿ ಎಪಲ್ಟನ್ ಹಾಲನ್ನು ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಗೆ ದಾನವಾಗಿ ಒಪ್ಪಿಸಲಾಯಿತು.